ಹ್ಯಾಗಿಸ್ ರುಚಿಯ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿಗೆ ಓದಲು, ದುಡಿಯಲು, ಸುತ್ತಾಡಲು ಬರುವ ಕನ್ನಡಿಗರು ಅಲ್ಲಿನ ಕುರಿಮಾಂಸದ ತಿನಿಸಾದ ಹ್ಯಾಗಿಸ್ ಕುರಿತು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ಹ್ಯಾಗಿಸ್ ಪ್ರಿಯರ ಪಕ್ಷದವನು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಅದನ್ನು ಬಾಯಿಗಿಟ್ಟು ಮುಖ ಸಿಂಡರಿಸಿದವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಭಾವಿಸುವುದಿಲ್ಲ. ಹೊಗಳುವವರೂ ತೆಗಳುವವರೂ ಎಷ್ಟೋ ಸಲ ಎರಡು ಬೇರೆ ಬೇರೆ ತಿನಿಸುಗಳನ್ನು ತಿಂದು, ಒಂದೇ ಹೆಸರಿನ ಮೇಲೆ ವಾದಕ್ಕೆ ಇಳಿದಿರುತ್ತಾರೆ.

ಹ್ಯಾಗಿಸ್‌ನಲ್ಲಿ ಏನೇನು ಇರುತ್ತದೆ?

ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶ ಈ ಮೂರನ್ನು ಬೇಯಿಸಿ ಸಣ್ಣಗೆ ಕೊಚ್ಚುತ್ತಾರೆ. ಅದಕ್ಕೆ ಓಟ್ಸ್ ನುಚ್ಚು, ಈರುಳ್ಳಿ, ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು, ಉಪ್ಪು, ಮೆಣಸು, ಇತರ ಮಸಾಲೆ ಹಾಗೂ ಮಾಂಸ ಬೆಂದ ನೀರನ್ನು ಸೇರಿಸುತ್ತಾರೆ. ಹಿಂದಿನ ಕಾಲದಲ್ಲಿ ಈ ಮಿಶ್ರಣವನ್ನು ಕುರಿಯ ಜಠರದಲ್ಲಿ ತುಂಬಿ, ಹೊಲಿದು, ಗಂಟೆಗಟ್ಟಲೆ ಬೇಯಿಸುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನವಕ್ಕೆ ಕೃತಕ ಹೊದಿಕೆ ಅಥವಾ ದನದ ಕರುಳಿನ ಹೊದಿಕೆ ಇರುತ್ತದೆ. ಕುರಿ ಕೊಯ್ದ ದಿನ ಬೇಗ ಕೆಟ್ಟುಹೋಗುವ ಒಳಾಂಗಗಳನ್ನು ಮೊದಲು ಬಳಸಿ ಮುಗಿಸಬೇಕಾಗಿದ್ದ ಕಾಲದ ಅಡುಗೆ ಇದು. ಸ್ಕಾಟ್ಲೆಂಡಿನ ತಂಪು, ತೇವದ ನೆಲದಲ್ಲಿ ಗೋಧಿಗಿಂತ ಓಟ್ಸ್ ಸುಲಭವಾಗಿ ಬೆಳೆಯುತ್ತಿದ್ದುದರಿಂದ ಧಾನ್ಯವೂ ಅದೇ ಆಯಿತು.

ಸರಿ, ರುಚಿ ಹೇಗಿರುತ್ತದೆ?

ಮೊದಲು ನಾಲಗೆಗೆ ತಾಗುವುದು ಮೆಣಸು. ಇದು ಮೆಣಸಿನಕಾಯಿಯ ಖಾರವಲ್ಲ. ಕರಿಮೆಣಸಿನದೋ ಬಿಳಿ ಮೆಣಸಿನದೋ ನಿಧಾನವಾಗಿ ಏರುವ ಖಾರ. ಮಲೆನಾಡು, ಕೊಡಗಿನ ಅಡುಗೆ ಉಂಡವರಿಗೆ ಆ ಬಿಸಿ ಹೊಸದೆನಿಸುವುದಿಲ್ಲ. ಅದರ ಹಿಂದೆ ಹುರಿದ ಓಟ್ಸ್‌ನ ಕಾಯಿಬೀಜದಂಥ ಪರಿಮಳ, ಕೊಬ್ಬಿನ ಜಿಡ್ಡು, ಈರುಳ್ಳಿಯ ಸಣ್ಣ ಸಿಹಿ ಬರುತ್ತವೆ. ಎಲ್ಲಕ್ಕಿಂತ ಕೊನೆಗೆ ಈಲಿಯ ಆ ಕಬ್ಬಿಣದ ಒಗರು. ಜಾಪತ್ರೆ, ಜಾಯಿಕಾಯಿ, ಕೊತ್ತಂಬರಿ ಬೀಜ ಇವುಗಳಲ್ಲಿ ಯಾವುದು ಎಷ್ಟು ಎನ್ನುವುದು ತಯಾರಿಸುವವರಿಗೆ ಬಿಟ್ಟದ್ದು. ಒಳ್ಳೆಯ ಮಾಂಸದಂಗಡಿಯವರು ತಮ್ಮ ಮಸಾಲೆಯ ಪ್ರಮಾಣವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಬಾಯಿಗೆ ಅದು ಮಾಂಸದ ತುಂಡಿನಂತೆ ಇರುವುದಿಲ್ಲ. ಹೊದಿಕೆ ಸೀಳಿದರೆ ಉದುರುದುರಾದ ಉಪ್ಪಿಟ್ಟಿನಂತೆ ಹೊರಚೆಲ್ಲುತ್ತದೆ. ಅಗಿಯುವ ಕೆಲಸ ಕಡಿಮೆ, ಪರಿಮಳ ಜಾಸ್ತಿ.

ಹಾಗಿದ್ದರೆ ಒಬ್ಬರು ಅದ್ಭುತ ಎನ್ನುವುದೇಕೆ, ಇನ್ನೊಬ್ಬರು ತಟ್ಟೆ ದೂರ ತಳ್ಳುವುದೇಕೆ?

ಇದಕ್ಕೆ ಉದ್ದವಾಗಿಯೇ ಉತ್ತರಿಸಬೇಕು.

ಮೊದಲ ಕಾರಣ ತಟ್ಟೆಯಲ್ಲಿ ಇರುವುದೇ ಇಲ್ಲ. ಹ್ಯಾಗಿಸ್ ಬಗ್ಗೆ ಯಾರಾದರೂ ಮಾತು ತೆಗೆದರೆ ರುಚಿಗಿಂತ ಮುಂಚೆ ಪಟ್ಟಿ ಬರುತ್ತದೆ: ಗುಂಡಿಗೆ, ಈಲಿ, ಶ್ವಾಸಕೋಶ, ಜಠರ. ಆ ಪಟ್ಟಿಯನ್ನು ಕೇಳಿಸಿಕೊಂಡು ಮೊದಲ ತುತ್ತು ತೆಗೆದುಕೊಂಡವರ ಗಮನವೆಲ್ಲ ವಾಸನೆ ಹಿಡಿಯುವುದರಲ್ಲೇ ಇರುತ್ತದೆ. ಏನೆಂದು ತಿಳಿಯದೆ, ಬ್ರೆಡ್ ಪುಡಿ ಹಚ್ಚಿ ಕರಿದ ಹ್ಯಾಗಿಸ್ ಉಂಡೆ ತಿಂದವರು ಇನ್ನೊಂದು ಕೇಳುವುದನ್ನು ಕಂಡಿದ್ದೇನೆ. ಆದರೂ ಏನು ತಿನ್ನುತ್ತಿದ್ದೇವೆ ಎಂಬುದನ್ನು ಹೇಳದೆ ಯಾರಿಗೂ ಬಡಿಸಬಾರದು. ಆಹಾರದ ನೇಮ ಇರುವವರ ವಿಷಯದಲ್ಲಂತೂ ಅದು ದೊಡ್ಡ ತಪ್ಪು.

ಎರಡನೆಯದು ಈಲಿಯ ಪ್ರಮಾಣ. ಈಲಿ ಹೆಚ್ಚಾದರೆ ಒಗರು ಮುಂದೆ ಬರುತ್ತದೆ, ಮಿಶ್ರಣ ಪೇಸ್ಟಿನಂತಾಗುತ್ತದೆ. ಈಲಿಯ ರುಚಿಯೇ ಹಿಡಿಸದವರಿಗೆ ಅಂಥ ಹ್ಯಾಗಿಸ್ ಯಾವ ಕಾಲಕ್ಕೂ ಹಿಡಿಸದು. ಅವರನ್ನು ಒಪ್ಪಿಸಲು ಹೊರಡುವುದು ವ್ಯರ್ಥ. ನಮ್ಮ ಮಿಲಿಟರಿ ಹೋಟೆಲುಗಳಲ್ಲಿ ಬೋಟಿ, ಈಲಿ, ತಲೆಮಾಂಸ ತಿಂದು ಬೆಳೆದವರಿಗೆ ಈ ತೊಡಕು ಸಾಮಾನ್ಯವಾಗಿ ಇರುವುದಿಲ್ಲ. ಅವರ ದೂರು ಬೇರೆ: ಖಾರ ಸಾಲದು, ಹುಳಿ ಇಲ್ಲ, ಗೊಜ್ಜಿಲ್ಲ. ಅದು ನ್ಯಾಯವಾದ ದೂರು. ಸ್ಕಾಟಿಷ್ ತಟ್ಟೆಯಲ್ಲಿ ಹುಳಿಗೆ ಜಾಗ ಕಡಿಮೆಯೇ.

ಮೂರನೆಯದು ಓಟ್ಸ್. ನುಚ್ಚು ದಪ್ಪಗಿದ್ದು, ಚೆನ್ನಾಗಿ ಹುರಿದಿದ್ದರೆ ಕಾಳು ಕಾಳಾಗಿ ನಿಲ್ಲುತ್ತದೆ. ಸಣ್ಣ ಹಿಟ್ಟು ಹೆಚ್ಚಾದರೆ ಗಂಜಿಯ ಹಾದಿ ಹಿಡಿಯುತ್ತದೆ. 'ಮಣ್ಣು ತಿಂದ ಹಾಗಿತ್ತು' ಎಂದು ದೂರುವವರಿಗೆ ಸಾಮಾನ್ಯವಾಗಿ ಸಿಕ್ಕಿರುವುದು ಈ ಎರಡನೆಯ ಬಗೆ, ಇಲ್ಲವೇ ಅತಿಯಾಗಿ ಕಾಯಿಸಿ ಒಣಗಿಸಿದ್ದು.

ನಾಲ್ಕನೆಯದನ್ನು ಯಾರೂ ಗಮನಿಸುವುದಿಲ್ಲ: ಬಿಸಿ. ಅದರ ಕೊಬ್ಬು ಬೇಗ ಹೆಪ್ಪುಗಟ್ಟುವಂಥದ್ದು. ಹೊಗೆಯಾಡುವಾಗ ರುಚಿಯಾಗಿದ್ದ ಹ್ಯಾಗಿಸ್ ಆರಿದ ಮೇಲೆ ಅಂಗುಳಿಗೆ ಮೇಣದಂತೆ ಅಂಟುತ್ತದೆ. ದೊಡ್ಡ ಔತಣಗಳಲ್ಲಿ ಭಾಷಣ ಮುಗಿಯುವವರೆಗೆ ಕಾದು ತಿಂದವರು ಕೊಡುವ ತೀರ್ಪನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶ್ವಾಸಕೋಶ ಹಾಕಲೇಬೇಕೆ? ಅಮೆರಿಕದಲ್ಲಿ ಹ್ಯಾಗಿಸ್ ನಿಷೇಧ ಎನ್ನುತ್ತಾರಲ್ಲ?

ನಿಷೇಧ ಶ್ವಾಸಕೋಶಕ್ಕೆ. 1971ರಲ್ಲಿ ಅಮೆರಿಕದ ಕೃಷಿ ಇಲಾಖೆ ಜಾನುವಾರುಗಳ ಶ್ವಾಸಕೋಶವನ್ನು ಮನುಷ್ಯರ ಆಹಾರದಲ್ಲಿ ಬಳಸಬಾರದೆಂದು ನಿಯಮ ಮಾಡಿತು. ಹೀಗಾಗಿ ಸಾಂಪ್ರದಾಯಿಕ ಹ್ಯಾಗಿಸ್ ಅಲ್ಲಿ ಮಾರಾಟವಾಗುವಂತಿಲ್ಲ. ಅಲ್ಲಿ ಮಾರುವವರು ಶ್ವಾಸಕೋಶವಿಲ್ಲದ ಬಗೆಯನ್ನು ಮಾಡಿಕೊಳ್ಳುತ್ತಾರೆ. ಕೆನಡಾದ ನಿಯಮವೂ ಇಂಥದ್ದೇ ಆಗಿದ್ದರಿಂದ, 2017ರಲ್ಲಿ ಎಡಿನ್‌ಬರೋದ ಮ್ಯಾಕ್‌ಸ್ವೀನ್ ಸಂಸ್ಥೆ ಶ್ವಾಸಕೋಶದ ಬದಲು ಗುಂಡಿಗೆ ಹಾಕಿದ ಹ್ಯಾಗಿಸನ್ನು ಅಲ್ಲಿಗೆ ಕಳುಹಿಸತೊಡಗಿತು.

ರುಚಿಯ ಮಟ್ಟಿಗೆ ಶ್ವಾಸಕೋಶಕ್ಕೆ ತನ್ನದೇ ಗಟ್ಟಿ ಪರಿಮಳವೇನೂ ಇಲ್ಲ. ಅದರ ಕೆಲಸ ಹಗುರತನ ಕೊಡುವುದು. ಅದಿಲ್ಲದ ಹ್ಯಾಗಿಸ್ ಹೆಚ್ಚು ಬಿಗಿಯಾಗಿ, ಕೀಮಾದ ಕಡೆಗೆ ವಾಲುತ್ತದೆ. ಅಮೆರಿಕದಲ್ಲಿ ತಿಂದು ಬಂದು 'ಇಷ್ಟೇನಾ' ಎನ್ನುವವರು ಸ್ಕಾಟ್ಲೆಂಡಿನಲ್ಲಿ ಇನ್ನೊಮ್ಮೆ ರುಚಿ ನೋಡಲಿ.

ಹೆಸರಾಂತ ವ್ಯಕ್ತಿಗಳು ಹ್ಯಾಗಿಸ್ ಬಗ್ಗೆ ಏನು ಹೇಳಿದ್ದಾರೆ?

ಹೊಗಳಿದವರಲ್ಲಿ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನನ್ನು ಮೀರಿಸಿದವರಿಲ್ಲ. 1786ರಲ್ಲಿ ಆತ ಹ್ಯಾಗಿಸನ್ನೇ ಸಂಬೋಧಿಸಿ ಕವಿತೆ ಬರೆದ. ಕಡುಬುಗಳ ಕುಲಕ್ಕೆಲ್ಲ ಅದೇ ನಾಯಕ ಎಂದು ಕರೆದ. ಆ ಕವಿತೆಯಲ್ಲಿಯೇ ರುಚಿಯ ಜಗಳವೂ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಫ್ರೆಂಚ್ ರಾಗೂ, ಫ್ರಿಕಸಿ ತಿನ್ನುವವರು ಹ್ಯಾಗಿಸನ್ನು ಕೀಳಾಗಿ ನೋಡುವುದುಂಟೇ ಎಂದು ಬರ್ನ್ಸ್ ಕೆರಳುತ್ತಾನೆ. ಆ ತಿನಿಸುಗಳು ಹಂದಿಗೂ ವಾಂತಿ ಬರಿಸುತ್ತವೆ ಎನ್ನುತ್ತಾನೆ, ಅವನ್ನು ತಿಂದವರ ಕಾಲುಗಳು ಕಡ್ಡಿಯಂತಿರುತ್ತವೆ ಎನ್ನುತ್ತಾನೆ. ಒಬ್ಬ ರೈತನ ಮಗ ತನ್ನವರ ಊಟದ ಮರ್ಯಾದೆಗಾಗಿ ನಿಂತು ಮಾಡಿದ ವಾದ ಅದು.

ಇನ್ನೊಂದು ಕಡೆಯ ಮಾತು ಬಂದದ್ದು ಫ್ರಾನ್ಸಿನಿಂದಲೇ. 2005ರಲ್ಲಿ ಅಧ್ಯಕ್ಷ ಜಾಕ್ ಶಿರಾಕ್ ರಷ್ಯಾ ಮತ್ತು ಜರ್ಮನಿಯ ನಾಯಕರ ಜೊತೆ ಮಾತನಾಡುತ್ತ ಬ್ರಿಟಿಷ್ ಅಡುಗೆಯನ್ನು ಹೀಯಾಳಿಸಿದರು ಎಂದು ಪತ್ರಿಕೆಗಳು ವರದಿ ಮಾಡಿದವು. ನೇಟೊ ಮುಖ್ಯಸ್ಥರಾಗಿದ್ದ ಸ್ಕಾಟ್ಲೆಂಡಿನ ಜಾರ್ಜ್ ರಾಬರ್ಟ್‌ಸನ್ ಹಿಂದೊಮ್ಮೆ ತನಗೆ ತಿನ್ನಿಸಿದ ಸ್ಕಾಟಿಷ್ ತಿನಿಸನ್ನೂ ಅವರು ಆಗ ನೆನೆದರಂತೆ. ಅದು ಹ್ಯಾಗಿಸ್ ಎಂದೇ ಎಲ್ಲರೂ ತಿಳಿದರು. ಅದಾದ ಕೆಲವೇ ದಿನಗಳಲ್ಲಿ ಶಿರಾಕ್ ಶೃಂಗಸಭೆಗಾಗಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ಗೆ ಬರಬೇಕಾಯಿತು.

ಮಾಂಸದಂಗಡಿಯದು, ಸೂಪರ್ ಮಾರ್ಕೆಟಿನದು, ಡಬ್ಬಿಯದು ಎಲ್ಲ ಒಂದೇ ಅಲ್ಲವೇ?

ಅಲ್ಲ. ಊರಿನ ಮಾಂಸದಂಗಡಿಯಲ್ಲಿ ಮಾಡಿದ್ದಕ್ಕೆ ಒಂದು ಕೈಗುಣ ಇರುತ್ತದೆ: ಒಂದರಲ್ಲಿ ಮೆಣಸು ಮುಂದು, ಇನ್ನೊಂದರಲ್ಲಿ ಈರುಳ್ಳಿ, ಮತ್ತೊಂದು ದಪ್ಪ ನುಚ್ಚಿನದು. ಒಂದೇ ಪಟ್ಟಣದ ಎರಡು ಅಂಗಡಿಗಳ ಗಿರಾಕಿಗಳು ತಮ್ಮದೇ ಮೇಲು ಎಂದು ವಾದಿಸುತ್ತಾರೆ, ಮಾಂಸದಂಗಡಿಯವರ ನಡುವೆ ಸ್ಪರ್ಧೆಗಳೂ ನಡೆಯುತ್ತವೆ. ಸೂಪರ್ ಮಾರ್ಕೆಟಿನ ದೊಡ್ಡ ತಯಾರಕರದು ಎಲ್ಲರಿಗೂ ಹೊಂದಲೆಂದು ಸ್ವಲ್ಪ ಸೌಮ್ಯ, ಆದರೆ ನಂಬಬಹುದಾದ ರುಚಿ. ಡಬ್ಬಿಯ ಹ್ಯಾಗಿಸ್ ಮೆತ್ತಗೆ, ಒಂದೇ ಹದವಾಗಿ ಇರುತ್ತದೆ, ಉಡುಗೊರೆಗೆ ಸರಿ. ಅದನ್ನೊಂದೇ ತಿಂದು ಹ್ಯಾಗಿಸ್ ಬಗ್ಗೆ ತೀರ್ಪು ಕೊಡಬೇಡಿ.

ಜಿಂಕೆ ಮಾಂಸದ ಹ್ಯಾಗಿಸ್ ಕೂಡ ಸಿಗುತ್ತದೆ. ರುಚಿ ಹೆಚ್ಚು ಗಾಢ, ಜಿಡ್ಡು ಕಡಿಮೆ. ಗ್ಲುಟೆನ್ ಇಲ್ಲದ ಬಗೆಗಳೂ ಇವೆ.

ಇದು ಕುರಿಯದ್ದು ಮಾತ್ರವೇ? ದನ, ಹಂದಿ ಏನೂ ಇರುವುದಿಲ್ಲವೇ?

ದಯವಿಟ್ಟು ಲೇಬಲ್ ಓದಿ. ಕುರಿಯ ತಿನಿಸು ಎಂದು ಹೆಸರಾದರೂ ಅನೇಕ ತಯಾರಕರು ದನದ ಕೊಬ್ಬನ್ನು ಬಳಸುತ್ತಾರೆ. ಹೊದಿಕೆ ದನದ ಕರುಳಿನದಾಗಿರಬಹುದು. ಕೆಲವರು ಹಂದಿಯ ಈಲಿ ಹಾಕುವುದೂ ಉಂಟು. ಮನೆಯಲ್ಲಿ ದನದ ಮಾಂಸ ತಿನ್ನದ ಹುಡುಗರು 'ಕುರಿ ತಾನೇ' ಎಂದು ನಂಬಿ ತಿಂದು ಆಮೇಲೆ ನೊಂದುಕೊಳ್ಳುತ್ತಾರೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹಲಾಲ್ ಹ್ಯಾಗಿಸ್ ಮಾಡುವ ಅಂಗಡಿಗಳಿವೆ, ವಿಚಾರಿಸಿ ಕೊಳ್ಳಬೇಕು. ಹೋಟೆಲಿನಲ್ಲಿ ಯಾವ ತಯಾರಕರದು ಎಂದು ಕೇಳಿದರೆ ಹೇಳುತ್ತಾರೆ, ಕೇಳಲು ಸಂಕೋಚ ಬೇಡ.

ಸಸ್ಯಾಹಾರಿ ಹ್ಯಾಗಿಸ್ ಎಂಬುದು ನಿಜವಾಗಿ ಹ್ಯಾಗಿಸ್ಸೇ?

ಈ ಪ್ರಶ್ನೆಗೆ ಸ್ಕಾಟ್ಲೆಂಡಿನಲ್ಲಿಯೇ ಎರಡು ಬಣಗಳಿವೆ. ಒಳಾಂಗವಿಲ್ಲದೆ ಹ್ಯಾಗಿಸ್ ಎಂಬ ಹೆಸರೇ ಸಲ್ಲದು ಎನ್ನುವವರು ಒಂದು ಕಡೆ. ಓಟ್ಸ್, ಮೆಣಸು, ಈರುಳ್ಳಿ, ಜಿಡ್ಡು ಈ ನಾಲ್ಕು ಸೇರಿದ ಕಡೆ ಹ್ಯಾಗಿಸ್ ಇದೆ ಎನ್ನುವವರು ಇನ್ನೊಂದು ಕಡೆ. ನನ್ನ ಮತ ಎರಡನೆಯವರಿಗೆ.

ಇದರ ಹುಟ್ಟಿಗೆ ಕಾವ್ಯದ ನಂಟಿದೆ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ತೆರೆದಾಗ ಮಾಂಸ ತಿನ್ನದ ಅತಿಥಿಗಳಿಗೂ ಬಡಿಸಲೆಂದು ಜಾನ್ ಮ್ಯಾಕ್‌ಸ್ವೀನ್ ಸಸ್ಯಾಹಾರಿ ಹ್ಯಾಗಿಸ್ ತಯಾರಿಸಿದರು. ಆಮೇಲೆ ಅದು ಅಂಗಡಿಗೆ ಬಂತು, ಈಗ ಸ್ಕಾಟ್ಲೆಂಡಿನ ಯಾವುದೇ ದೊಡ್ಡ ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದೆ. ಅದರಲ್ಲಿ ಓಟ್ಸ್ ಜೊತೆಗೆ ರಾಜ್ಮಾ, ಬೇಳೆ, ಅಣಬೆ, ಕ್ಯಾರೆಟ್, ಈರುಳ್ಳಿ, ಕುಂಬಳ ಮತ್ತು ಸೂರ್ಯಕಾಂತಿ ಬೀಜಗಳು, ಸಸ್ಯಜನ್ಯ ಕೊಬ್ಬು ಇರುತ್ತವೆ.

ರುಚಿಯ ವಿಷಯದಲ್ಲಿ ಅದು ಮಾಂಸದ್ದರ ನಕಲು ಮಾಡಲು ಹೊರಟಿಲ್ಲ, ಅದೇ ಅದರ ಗುಣ. ಈಲಿಯ ಒಗರು ಇಲ್ಲ, ಬೀಜಗಳ ಕುರುಕು ಇದೆ, ಮೆಣಸು ಹಾಗೆಯೇ ಇದೆ. ಮಾಂಸ ತಿನ್ನುವವರಲ್ಲಿಯೂ ಇದನ್ನೇ ಮೇಲೆನ್ನುವವರಿದ್ದಾರೆ. ಬೇಳೆ ಕಾಳು ತಿಂದು ಬೆಳೆದ ನಮ್ಮ ಸಸ್ಯಾಹಾರಿಗಳಿಗೆ, ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಇದಕ್ಕಿಂತ ಹೊಟ್ಟೆ ತುಂಬುವ ಸ್ಥಳೀಯ ಊಟವನ್ನು ನಾನು ಕಂಡಿಲ್ಲ. ಈರುಳ್ಳಿ ಬಿಟ್ಟವರು ಮಾತ್ರ ದೂರವಿರಬೇಕು. ಬಡಿಸುವಾಗ ಆಲೂಗಡ್ಡೆಗೆ ಬೆಣ್ಣೆ, ಹಾಲು ಹಾಕಿರುತ್ತಾರೆ ಎಂಬುದನ್ನು ವೀಗನ್ ಆದವರು ಮರೆಯಬಾರದು.

ಚಿಪ್ಸ್ ಅಂಗಡಿಯ ಹ್ಯಾಗಿಸ್ ಹೇಗಿರುತ್ತದೆ?

ಉದ್ದನೆಯ ಸಾಸೇಜ್ ಆಕಾರದ ಹ್ಯಾಗಿಸನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುತ್ತಾರೆ. ಚಿಪ್ಸ್ ಜೊತೆ ಬೇಕಾದರೆ 'ಹ್ಯಾಗಿಸ್ ಸಪ್ಪರ್' ಎಂದು ಕೇಳಬೇಕು. ಎಡಿನ್‌ಬರೋದಲ್ಲಿ ಅದರ ಮೇಲೆ ಉಪ್ಪು ಮತ್ತು ಕಂದು ಬಣ್ಣದ ಹುಳಿ ಸಾಸ್ ಸುರಿಯುತ್ತಾರೆ, ಗ್ಲಾಸ್ಗೋದಲ್ಲಿ ಉಪ್ಪು ಮತ್ತು ವಿನೆಗರ್. ಹುಳಿ ಬೇಕೆನ್ನುವ ನಮ್ಮ ನಾಲಗೆಗೆ ಇದು ಒಗ್ಗುತ್ತದೆ. ಆದರೆ ಜಿಡ್ಡಿನ ಮೇಲೆ ಜಿಡ್ಡು. ಪೂರ್ತಿ ತಿಂದು ಮುಗಿಸುವುದು ಕಷ್ಟ.

ಹ್ಯಾಗಿಸ್ ಪಕೋಡ ಎಂಬುದು ಪ್ರವಾಸಿಗರಿಗಾಗಿ ಹುಟ್ಟಿಸಿದ್ದೇ?

ಅಲ್ಲ, ಅದು ಸ್ಕಾಟ್ಲೆಂಡಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ, ಮುಖ್ಯವಾಗಿ ಪಂಜಾಬಿ ಮೂಲದವರ ಅಡುಗೆಮನೆಯಿಂದ ಬಂದದ್ದು. ಹ್ಯಾಗಿಸ್ ಉಂಡೆಗಳನ್ನು ಮಸಾಲೆ ಬೆರೆಸಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಜೊತೆಗೆ ಗ್ಲಾಸ್ಗೋದ ಪಕೋಡಗಳಿಗೆ ಕೊಡುವ ಆ ಗುಲಾಬಿ ಬಣ್ಣದ ಸಾಸ್. ಸ್ಕಾಟ್ ಜನರೇ ಇದನ್ನು ತಮ್ಮದೆಂದು ತಿನ್ನುತ್ತಾರೆ. ಹ್ಯಾಗಿಸ್‌ನಲ್ಲಿ ಕೊತ್ತಂಬರಿ ಬೀಜ, ಮೆಣಸು ಮೊದಲೇ ಇರುವುದರಿಂದ ಕಡಲೆಹಿಟ್ಟಿಗೆ ಅದು ಸಲೀಸಾಗಿ ಹೊಂದುತ್ತದೆ. ಮೊದಲ ಸಲ ಹ್ಯಾಗಿಸ್ ತಿನ್ನುವ ಭಾರತೀಯರಿಗೆ ನಾನು ಹೇಳುವುದು ಇದನ್ನೇ.

ಜೊತೆಗೆ ಏನು ತಿನ್ನಬೇಕು? ಸಾಸ್ ಹಾಕಬಹುದೇ?

ರೂಢಿಯ ಜೊತೆಗಾರರು 'ನೀಪ್ಸ್ ಮತ್ತು ಟ್ಯಾಟೀಸ್'. ಮೊದಲನೆಯದು ಒಳಗೆ ಹಳದಿ ತಿರುಳಿರುವ ದೊಡ್ಡ ಟರ್ನಿಪ್ ಜಾತಿಯ ಗಡ್ಡೆ, ಎರಡನೆಯದು ಆಲೂಗಡ್ಡೆ. ಎರಡನ್ನೂ ಬೇಯಿಸಿ, ಬೆಣ್ಣೆ ಹಾಕಿ, ಬೇರೆ ಬೇರೆಯಾಗಿ ಮಸೆಯುತ್ತಾರೆ. ಆ ಗಡ್ಡೆಯ ಸಣ್ಣ ಸಿಹಿ ಹ್ಯಾಗಿಸ್‌ನ ಒಗರನ್ನು ತಗ್ಗಿಸುತ್ತದೆ. ಅದನ್ನು ಬಿಟ್ಟು ತಿಂದವರಿಗೆ ಅರ್ಧ ರುಚಿ ಮಾತ್ರ ಸಿಕ್ಕಿರುತ್ತದೆ. ಓರ್ಕ್ನಿ ದ್ವೀಪಗಳಲ್ಲಿ ಎರಡನ್ನೂ ಒಟ್ಟಿಗೆ ಮಸೆದು 'ಕ್ಲ್ಯಾಪ್‌ಶಾಟ್' ಮಾಡುತ್ತಾರೆ.

ಸಾಸ್ ವಿಷಯದಲ್ಲಿ ಹಳಬರು ಬಿಗಿ: ಹ್ಯಾಗಿಸ್‌ಗೆ ತನ್ನದೇ ಜಿಡ್ಡು ಇರುವಾಗ ಮೇಲಿನದೇಕೆ ಎನ್ನುತ್ತಾರೆ. ಹೋಟೆಲುಗಳಲ್ಲಿ ವಿಸ್ಕಿ ಮತ್ತು ಕೆನೆಯ ಸಾಸ್ ಸಾಮಾನ್ಯ. ನನಗೆ ಅದು ಮೆಣಸಿನ ಬಾಯಿ ಕಟ್ಟಿದಂತೆ ಅನಿಸುತ್ತದೆ, ಆದರೆ ಒಣಗಿದ ಹ್ಯಾಗಿಸ್ ಸಿಕ್ಕಾಗ ಅದೇ ಕಾಪಾಡುತ್ತದೆ. ಕೋಳಿಯ ಎದೆಮಾಂಸದೊಳಗೆ ಹ್ಯಾಗಿಸ್ ತುಂಬಿ, ಬೇಕನ್ ಸುತ್ತಿ ಮಾಡುವ 'ಬಾಲ್ಮೋರಲ್ ಚಿಕನ್' ಜೊತೆಗೂ ಆ ಸಾಸ್ ಕೊಡುತ್ತಾರೆ. ಹಂದಿ ತಿನ್ನದವರು ಇದನ್ನು ಗಮನಿಸಬೇಕು.

ಬರ್ನ್ಸ್ ನೈಟ್ ದಿನ ತಿಂದರೆ ಹೇಗೆ?

ಬರ್ನ್ಸ್ ಹುಟ್ಟಿದ ಜನವರಿ 25ರಂದು ಜಗತ್ತಿನಾದ್ಯಂತ ಈ ಔತಣ ನಡೆಯುತ್ತದೆ. ಮೊದಲನೆಯದು 1801ರಲ್ಲಿ, ಕವಿ ತೀರಿಕೊಂಡ ಐದು ವರ್ಷಗಳ ಮೇಲೆ, ಅವನ ಹುಟ್ಟೂರು ಅಲೊವೇಯಲ್ಲಿ ಗೆಳೆಯರು ಸೇರಿ ಮಾಡಿದ್ದು. ಬ್ಯಾಗ್‌ಪೈಪ್ ನಾದದೊಂದಿಗೆ ಹ್ಯಾಗಿಸ್ ಒಳಗೆ ಬರುತ್ತದೆ, ಒಬ್ಬರು ಕವಿತೆ ಓದುತ್ತಾರೆ, ಚಾಕುವಿನ ಸಾಲು ಬಂದಾಗ ಹೊದಿಕೆಯನ್ನು ಸೀಳುತ್ತಾರೆ, ಹೊಗೆ ಏಳುತ್ತದೆ. ಅವಕಾಶ ಸಿಕ್ಕರೆ ಬಿಡಬೇಡಿ. ರುಚಿಯನ್ನು ಅಳೆಯಲು ಮಾತ್ರ ಬೇರೊಂದು ದಿನ, ಚಿಕ್ಕ ತಟ್ಟೆಯಲ್ಲಿ, ಬಿಸಿಯಾಗಿ ತಿನ್ನಿ.

ಇದು ಮೂಲತಃ ಇಂಗ್ಲಿಷರದ್ದಂತೆ, ನಿಜವೇ?

ಹೆಸರು ಕಾಣುವ ಹಳೆಯ ಪಾಕವಿಧಾನಗಳಲ್ಲಿ ಒಂದು ಸುಮಾರು 1430ರದ್ದು, ಇಂಗ್ಲೆಂಡಿನ ಲ್ಯಾಂಕಷೈರ್ ಕಡೆಯದು. ಆದರೆ ಕುರಿ ಸಾಕಿದ ಜನರೆಲ್ಲ ಇಂಥದ್ದೊಂದನ್ನು ಮಾಡಿಕೊಂಡಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಈಲಿ, ಕೊಬ್ಬು, ಧಾನ್ಯದ ಹಿಟ್ಟನ್ನು ಕುರಿಯ ಜಠರದಲ್ಲಿ ತುಂಬಿ ಬೇಯಿಸುತ್ತಾರೆ. ರೊಮೇನಿಯಾದಲ್ಲಿ ಈಸ್ಟರ್‌ಗೆ ಕುರಿಮರಿಯ ಒಳಾಂಗಗಳ 'ದ್ರೋಬ್' ಮಾಡುತ್ತಾರೆ. ಪ್ರೀತಿಯಿಂದ ಉಳಿಸಿಕೊಂಡವರು ಸ್ಕಾಟ್ ಜನ, ಹಾಗಾಗಿ ಅವರದೇ.

ಹ್ಯಾಗಿಸ್ ಒಂದು ಕಾಡುಪ್ರಾಣಿಯೇ?

ಅಲ್ಲ. ಬೆಟ್ಟದ ಇಳಿಜಾರಿನಲ್ಲಿ ಓಡಲು ಒಂದು ಬದಿಯ ಕಾಲು ಗಿಡ್ಡವಿರುವ ಪ್ರಾಣಿ ಎಂಬುದು ಪ್ರವಾಸಿಗರಿಗೆ ಹೇಳುವ ತಮಾಷೆಯ ಕಥೆ.

ಬ್ಲ್ಯಾಕ್ ಪುಡಿಂಗ್ ಮತ್ತು ಹ್ಯಾಗಿಸ್ ಒಂದೇ ತಾನೇ?

ಅಲ್ಲ. ಬ್ಲ್ಯಾಕ್ ಪುಡಿಂಗ್‌ನಲ್ಲಿ ರಕ್ತ ಇರುತ್ತದೆ, ಹ್ಯಾಗಿಸ್‌ನಲ್ಲಿ ಇರುವುದಿಲ್ಲ. ಓಟ್ಸ್, ಕೊಬ್ಬು, ಈರುಳ್ಳಿಯಷ್ಟೇ ಇರುವ ಬಿಳಿ ಪುಡಿಂಗ್ ಮತ್ತೊಂದು. ಸ್ಕಾಟಿಷ್ ಬೆಳಗಿನ ತಿಂಡಿಯಲ್ಲಿ ಇವು ಅಕ್ಕಪಕ್ಕ ಕೂರುವುದರಿಂದ ಗೊಂದಲವಾಗುತ್ತದೆ. ಬ್ಲ್ಯಾಕ್ ಪುಡಿಂಗ್ ಹಿಡಿಸದವರು ಹ್ಯಾಗಿಸನ್ನೂ ಬಿಡಬೇಕಾಗಿಲ್ಲ.

ಯಾರು ತಿನ್ನಬಾರದು?

ಗರ್ಭಿಣಿಯರು. ಈಲಿಯಲ್ಲಿ ವಿಟಮಿನ್ ಎ ಬಹಳ ಇರುವುದರಿಂದ ಹ್ಯಾಗಿಸ್ ಬೇಡ ಎಂದು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಸ್ಪಷ್ಟವಾಗಿ ಹೇಳುತ್ತದೆ. ಉಪ್ಪು, ಕೊಬ್ಬು ಕಡಿಮೆ ಮಾಡಬೇಕಾದವರು ಸ್ವಲ್ಪವೇ ತಿನ್ನಲಿ.

ಮನೆಯಲ್ಲಿ ಬಿಸಿ ಮಾಡುವುದು ಹೇಗೆ?

ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಮೊದಲೇ ಬೆಂದಿರುತ್ತದೆ. ಪೊಟ್ಟಣದ ಮೇಲೆ ನೋಡಿಕೊಳ್ಳಿ. ಅರ್ಧ ಕಿಲೋದ್ದಾದರೆ ಫಾಯಿಲ್ ಸುತ್ತಿ, ಸ್ವಲ್ಪ ನೀರು ಹಾಕಿದ ತಟ್ಟೆಯಲ್ಲಿಟ್ಟು, 180 ಡಿಗ್ರಿ ಓವನ್‌ನಲ್ಲಿ ಸುಮಾರು ಒಂದು ಗಂಟೆ. ನೀರಿನಲ್ಲಿ ಬಿಸಿ ಮಾಡುವುದಾದರೆ ಕುದಿಸಬೇಡಿ, ಹೊದಿಕೆ ಒಡೆಯುತ್ತದೆ. ಅವಸರಕ್ಕೆ ಮೈಕ್ರೋವೇವ್ ಸಾಕು, ಆದರೆ ಮೊದಲು ಹೊದಿಕೆ ಮತ್ತು ತುದಿಯ ಲೋಹದ ಕ್ಲಿಪ್ ತೆಗೆಯಲೇಬೇಕು. ನಡುವೆ ಒಮ್ಮೆ ಕಲಕಿ. ನಡುಭಾಗವೂ ಹೊಗೆಯಾಡುವಷ್ಟು ಬಿಸಿಯಾಗಿರಬೇಕು. ಪ್ಲಾಸ್ಟಿಕ್ ಹೊದಿಕೆಯನ್ನು ತಿನ್ನುವಂತಿಲ್ಲ.

ಮಿಕ್ಕಿದ್ದನ್ನು ಏನು ಮಾಡಲಿ?

ಆರಿದ ಕೂಡಲೇ ಫ್ರಿಜ್‌ನಲ್ಲಿಡಿ. ಮರುದಿನ ಅದು ಗಟ್ಟಿಯಾಗಿ ಬಿಲ್ಲೆ ಕತ್ತರಿಸಲು ಬರುತ್ತದೆ. ಬಾಣಲೆಯಲ್ಲಿ ಎಣ್ಣೆ ಹಾಕದೆ ಎರಡೂ ಬದಿ ಗರಿಗರಿಯಾಗುವವರೆಗೆ ಹುರಿಯಿರಿ. ತನ್ನ ಕೊಬ್ಬಿನಲ್ಲೇ ತಾನು ಹುರಿಯುತ್ತದೆ. ಮೊದಲ ದಿನ ಮೆತ್ತಗೆನಿಸಿ ಬೇಸರಪಟ್ಟವರಿಗೂ ಇದು ಹಿಡಿಸುವುದುಂಟು. ಪುಡಿ ಮಾಡಿ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಹುರಿದು, ನಿಂಬೆರಸ ಹಿಂಡಿ ಚಪಾತಿಗೆ ಸುತ್ತಿಕೊಂಡರೆ ನಮ್ಮವರು ಹುಡುಕುವ ಖಾರ, ಹುಳಿ ಎರಡೂ ಬರುತ್ತವೆ. ಒಮ್ಮೆ ಹೀಗೆ ಮತ್ತೆ ಬಿಸಿ ಮಾಡಿದ್ದನ್ನು ಮೂರನೆಯ ಸಲಕ್ಕೆ ಎತ್ತಿಡಬೇಡಿ.